ಪಾತ್ರೆ ತೊಳೆದ ನೀರು

*ಇಂದಿನ ಧಮ್ಮ ಚಿಂತನೆ*




ಅಂಗುತ್ತರ ನಿಕಾಯದ ತಿಕ ನಿಪಾತದಲ್ಲಿ ವಚ್ಛ ಸುತ್ತ ಎಂಬ ಚಿಕ್ಕ ಸುತ್ತವೊಂದಿದೆ. ವಚ್ಛಗೋತ್ತನೆಂಬ ಪರಿವ್ರಾಜಕ ಬಂದು ಭಗವಾನರನ್ನು ಕೇಳುತ್ತಾನೆ: ದಾನವನ್ನು ನನಗೇ ಕೊಡಬೇಕು, ನನ್ನ ಶಿಷ್ಯರಿಗೇ ಕೊಡಬೇಕು, ಬೇರೆಯವರಿಗೆ ಕೂಡದು ಎಂದು ತಾವು ಹೇಳುತ್ತೀರಂತೆ, ನಿಜವೇ? ಹಾಗೆ ಹೇಳುವವರು ನನ್ನ ಮೇಲೆ ಸುಳ್ಳು ಹೊರಿಸುತ್ತಿದ್ದಾರೆ ಎಂದು ಭಗವಾನರು ಉತ್ತರಿಸುತ್ತಾರೆ. ಕೊಡುವವನನ್ನು ತಡೆದವನು ಕೊಡುವವನಿಗೂ ಪಡೆಯುವವನಿಗೂ ತನಗೂ ಕೇಡು ಮಾಡಿಕೊಳ್ಳುತ್ತಾನೆ. ಆಮೇಲೆ ಮಾತು ನೇರವಾಗಿ ಅಡುಗೆಮನೆಗೆ ಬರುತ್ತದೆ. ಮಡಕೆ, ಬಟ್ಟಲು ತೊಳೆದ ನೀರನ್ನು ಊರ ಕೊಚ್ಚೆಗುಂಡಿಗೆ ಚೆಲ್ಲುವಾಗಲೂ, ಅಲ್ಲಿರುವ ಜೀವಗಳು ಇದರಿಂದ ಬದುಕಿಕೊಳ್ಳಲಿ ಎಂದುಕೊಂಡರೆ ಅದೂ ಪುಣ್ಯವೇ. ಹಾಗಿರುವಾಗ ಮನುಷ್ಯರಿಗೆ ಕೊಟ್ಟದ್ದರ ಬಗ್ಗೆ ಹೇಳಬೇಕೇ?

ಕಳೆದ ತಿಂಗಳು ನಮ್ಮ ಅಧ್ಯಯನ ಬಳಗದಲ್ಲಿ ಈ ಪಾಠ ಮಾಡುವ ಸರದಿ ನನ್ನದಾಗಿತ್ತು. ಹಿಂದಿನ ದಿನ ಹಜಾರದಲ್ಲಿ ಕುಳಿತು ಟಿಪ್ಪಣಿ ಬರೆಯುತ್ತಿದ್ದೆ. ಒಳಗೆ ಪಾತ್ರೆಗಳ ಸದ್ದು. ತೊಳೆಯುತ್ತಿದ್ದವರು ನಾನಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ.

ನನಗೆ ಆಗ ನೆನಪಾದದ್ದು ನಮ್ಮವ್ವ. ಹಿಟ್ಟಿನ ಮಡಕೆ ತೊಳೆದ ಕಲಗಚ್ಚು ಎಮ್ಮೆಯ ಬಾನಿಗೆ, ಬಚ್ಚಲ ನೀರು ಬಾಳೆಬುಡಕ್ಕೆ. ತಿಕ್ಕಲು ಒಲೆಯ ಬೂದಿ, ತೆಂಗಿನ ನಾರು, ಕಂಚಿಗೆ ಹುಣಸೆಹಣ್ಣು. ಸುತ್ತವನ್ನು ಓದದೆಯೇ ಅವ್ವ ಅದನ್ನು ನಡೆಸಿದ್ದಳು ಎಂದು ಟಿಪ್ಪಣಿಯಲ್ಲಿ ಬರೆದುಕೊಂಡೆ. ಬರೆದ ಮೇಲೆ ಯಾಕೋ ಮುಜುಗರವಾಯಿತು. ಆ ಬೂದಿ ಬರುತ್ತಿದ್ದುದು ಹೊಗೆ ತುಂಬಿದ ಒಲೆಯಿಂದ. ಕಾಡಿನಿಂದ ಸೌದೆ ಹೊತ್ತು ತಂದು ಊದುಕೊಳವೆ ಊದಿ ಊದಿ ಅವ್ವನ ಕಣ್ಣು ಹೋಯಿತು. ಇಂದು 14.2 ಕೆ.ಜಿ. ಸಿಲಿಂಡರ್ ಮನೆಯಲ್ಲಿರುವಾಗ, ಪರಿಸರದ ಹೆಸರಿನಲ್ಲಿ ಯಾವ ಹೆಣ್ಣುಮಗಳನ್ನೂ ಒಲೆಯ ಮುಂದಕ್ಕೆ ಮತ್ತೆ ಕೂರಿಸಬಾರದು. ಬಡತನಕ್ಕೆ ಹಸಿರು ಬಣ್ಣ ಬಳಿಯುವುದು ನಮ್ಮ ಕೆಲಸವಲ್ಲ. ಕಾಳನ್ನು ರಾತ್ರಿಯೇ ನೆನೆಹಾಕಿ, ಕುಕ್ಕರಿನಲ್ಲಿ ಬೇಯಿಸಿ, ಗ್ಯಾಸ್ ಉಳಿಸಿದರೆ ಸಾಕು.

ಉಳಿದ ಅನ್ನದ ವಿಚಾರವೂ ಹೀಗೆಯೇ. "ಬಿಸಾಡಬೇಡಿ, ಬಡವರಿಗೆ ಕೊಡಿ" ಎನ್ನುವವರು ಬಹಳ. ಎಂಜಲು ತಿನ್ನುವುದನ್ನು, ಸತ್ತ ದನದ ಮಾಂಸ ತಿನ್ನುವುದನ್ನು ಬಿಡಿ ಎಂದು 1927ರ ಮಾರ್ಚ್‌ನಲ್ಲಿ ಮಹಾಡ್ ಸಮ್ಮೇಳನದಲ್ಲಿ ಬಾಬಾಸಾಹೇಬರು ನಮ್ಮ ಹಿರಿಯರಿಗೆ ಹೇಳಬೇಕಾಯಿತು. ಅದನ್ನು ಮರೆತು ಮಿಕ್ಕಿದ್ದನ್ನು ಇನ್ನೊಬ್ಬರ ಕೈಗೆ ಹಾಕುವುದು ನನ್ನಿಂದಾಗದು. ಕೊಡುವುದಾದರೆ ನಾವು ಉಣ್ಣುವ ಮೊದಲೇ ತೆಗೆದಿಟ್ಟು ಕೊಡಬೇಕು. ಇಲ್ಲವೇ ಅಳತೆಯಿಂದ ಬೇಯಿಸಬೇಕು.

ಈ ಮಾತುಗಳನ್ನೆಲ್ಲ ಬಳಗದಲ್ಲಿ ಚೆನ್ನಾಗಿಯೇ ಹೇಳಿದೆ. ಎಲ್ಲರೂ ಮೆಚ್ಚಿದರು.

ಮಾರನೆಯ ಬೆಳಿಗ್ಗೆ ಕಸದ ಆಟೋ ಬಂತು. ಎರಡು ದಿನದ ಹಿಂದೆ ನನ್ನ ಕೈಜಾರಿ ಟೀ ಕುಡಿಯುವ ಗಾಜಿನ ಲೋಟ ಒಡೆದಿತ್ತು. ಚೂರುಗಳನ್ನು ಗುಡಿಸಿ ಸೊಪ್ಪಿನ ಕಡ್ಡಿ, ಹುಳಿತ ಸಾರು, ಹಾಲಿನ ಕವರು ಎಲ್ಲ ಇದ್ದ ಚೀಲಕ್ಕೇ ಸುರಿದಿದ್ದೆ. ಆಟೋದ ಮೇಲೆ ನಿಂತು ಹಸಿ ಕಸ, ಒಣ ಕಸ ಬೇರೆ ಮಾಡುತ್ತಿದ್ದ ಹೆಣ್ಣುಮಗಳ ಅಂಗೈಗೆ ಅದು ಕೈಗವಸು ದಾಟಿ ಇಳಿಯಿತು. ಆಕೆ ನಮ್ಮ ಜನವೇ. ಗಾಡಿ ಹತ್ತಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದೆ. ಮೂರು ಹೊಲಿಗೆ, ಟಿಟಿ ಇಂಜೆಕ್ಷನ್. ದಾರಿಯುದ್ದಕ್ಕೂ ನಾನು ಏನೇನೋ ಹೇಳುತ್ತಿದ್ದೆ. "ಬುಡಿ ಮೇಷ್ಟ್ರೇ, ನಮ್ಗ ಇದೇನ್ ಹೊಸ್ದಾ" ಎಂದರು. ಅಷ್ಟೇ.

ಮನೆಗೆ ಬಂದಾಗ ನನ್ನ ಹೆಂಡತಿ, "ಸುತ್ತ ಆಮೇಲ ಹೇಳಿವ್ರಂತ, ಮೊದ್ಲು ಗಾಜ ಸುತ್ತದ ಕಲೀರಿ" ಎಂದಳು.

ಆ ರಾತ್ರಿ ಸುತ್ತವನ್ನು ಮತ್ತೆ ತೆಗೆದೆ. ಪಾಠದಲ್ಲಿ ನಾನು ಹಾರಿಸಿದ್ದ ಭಾಗ ಮುಂದಿತ್ತು. ಹಸು ಕಪ್ಪಿರಲಿ, ಬಿಳಿಯಿರಲಿ, ಕೆಂಪಿರಲಿ, ಅದರ ಹೊಟ್ಟೆಯಲ್ಲಿ ಹುಟ್ಟಿದ ಹೋರಿ ಹೊರೆ ಎಳೆಯುವುದಾದರೆ ಜನ ಅದರ ಬಣ್ಣ ನೋಡದೆ ನೊಗಕ್ಕೆ ಕಟ್ಟುತ್ತಾರೆ. ಹಾಗೆಯೇ ಕ್ಷತ್ರಿಯ, ಬ್ರಾಹ್ಮಣ, ವೈಶ್ಯ, ಶೂದ್ರ, ಚಂಡಾಲ, ಪುಕ್ಕುಸ ಯಾವ ಹುಟ್ಟಿನವರಲ್ಲೇ ಆಗಲಿ, ಶೀಲವಂತರು ಹುಟ್ಟುತ್ತಾರೆ ಎನ್ನುತ್ತಾರೆ ಭಗವಾನರು. ಪುಕ್ಕುಸರೆಂದರೆ ಕಸ ತೆಗೆಯುವವರು. ಬಾಬಾಸಾಹೇಬರು *ಬುದ್ಧ ಮತ್ತು ಅವನ ಧಮ್ಮ*ದಲ್ಲಿ ಭಿಕ್ಷುವಾದ ಕತೆ ಹೇಳಿರುವ ಸುನೀತ ಆ ಕುಲದವನು. ಪಾತ್ರೆ ತೊಳೆದ ನೀರಿನಿಂದ ಹೊರಟ ಮಾತು ಕಸ ಎತ್ತುವ ಮನುಷ್ಯನವರೆಗೆ ಒಂದೇ ಸುತ್ತದಲ್ಲಿ ಹೋಗಿ ಮುಟ್ಟುತ್ತದೆ. ನಾನು ಕೊಚ್ಚೆಯ ಹುಳಕ್ಕೆ ಮರುಗಿ ಅಲ್ಲಿಗೇ ನಿಂತುಬಿಟ್ಟಿದ್ದೆ.

ಈಗ ರಾತ್ರಿಯ ಪಾತ್ರೆ ನನ್ನ ಪಾಲು. ತೊಳೆಯಲು ನಿಂತ ಮೇಲೆ ತಿಳಿದ ಕೆಲವು ಸಂಗತಿ ಹೇಳುತ್ತೇನೆ. ತಟ್ಟೆಯ ಜಿಡ್ಡನ್ನು ಮೊದಲು ಹಳೆ ಬಟ್ಟೆಯಲ್ಲಿ ಒರೆಸಿಬಿಟ್ಟರೆ ಸೋಪು ಅರ್ಧ ಸಾಕು, ನೀರೂ ಅಷ್ಟೇ. ಅಂಟುವಾಳ, ಸೀಗೆಯನ್ನು ನಮ್ಮ ಜಿಲ್ಲೆಯ ಸೋಲಿಗರು ಕಾಡಿನಿಂದ ತಂದು ಲ್ಯಾಂಪ್ಸ್ ಸಹಕಾರ ಸಂಘಗಳಿಗೆ ಕೊಡುತ್ತಾ ಬಂದಿದ್ದಾರೆ. ಕೊಂಡರೆ ಅವರಿಗೂ ನಾಲ್ಕು ಕಾಸು. ಅಂಟುವಾಳದ ಸಿಪ್ಪೆ ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ ಸೋಸಿದರೆ ಪಾತ್ರೆಗಾಗುವ ನೊರೆ ಸಿಗುತ್ತದೆ. ಸಹಜ ವಸ್ತು ಎಂದು ಹೇಗೆ ಬೇಕಾದರೂ ಸುರಿಯುವಂತಿಲ್ಲ. ಆ ನೊರೆಯೂ ಮೀನಿಗೆ ವಿಷವೇ. ಕೆರೆ ಹಳ್ಳದ ಕಡೆ ಬಿಡದೆ ಬಾಳೆಬುಡಕ್ಕೆ ಬಿಡಬೇಕು.

2016ರ ಘನತ್ಯಾಜ್ಯ ನಿಯಮಗಳು ಕಸವನ್ನು ಹುಟ್ಟಿದ ಮನೆಯಲ್ಲೇ ಹಸಿ, ಒಣ, ಅಪಾಯದ್ದು ಎಂದು ಮೂರು ಮಾಡಬೇಕೆಂದವು. ಪ್ಯಾಡು, ಡೈಪರುಗಳನ್ನು ಸುತ್ತಿಯೇ ಕೊಡಬೇಕೆಂದವು. ನಾವು ಹಸಿ ಕಸವನ್ನು ಹೊರಗೇ ಕಳಿಸುತ್ತಿಲ್ಲ. ತೂತು ಮಾಡಿದ ಹಳೆ ಮಡಕೆಗೆ ಒಂದು ಬೊಗಸೆ ಸಿಪ್ಪೆ, ಎರಡು ಬೊಗಸೆ ತರಗೆಲೆ, ಮೇಲೆ ಹಿಡಿ ಮಣ್ಣು. ನಾತ ಬಂತೆಂದರೆ ನೀರಿನಂಶ ಹೆಚ್ಚಾಗಿದೆ ಎಂದರ್ಥ, ಇನ್ನಷ್ಟು ತರಗೆಲೆ ಹಾಕಿ ಕೆದಕಬೇಕು. ಮೊದಲ ಮಡಕೆ ನನ್ನ ಸೋಮಾರಿತನದಿಂದ ಹುಳ ಬಿದ್ದು ಹಾಳಾಯಿತು. ಎರಡನೆಯದು ಪರವಾಗಿಲ್ಲ.

ಹಳೆ ಬಟ್ಟೆ ಎಂದೆನಲ್ಲ. ಉದೇನ ರಾಜ ಆನಂದರನ್ನು, ಇಷ್ಟೊಂದು ಚೀವರ ಏನು ಮಾಡುತ್ತೀರಿ ಎಂದು ಕೇಳಿದ ಪ್ರಸಂಗ ವಿನಯ ಪಿಟಕದಲ್ಲಿದೆ. ಹಳೆ ಚೀವರ ಹಾಸುಬಟ್ಟೆಯಾಗಿ, ಅದು ಸವೆದು ಕಾಲೊರೆಸುವುದಾಗಿ, ಕಡೆಗೆ ಚಿಂದಿಯನ್ನು ಕೆಸರಿಗೆ ಕಲಸಿ ನೆಲಕ್ಕೆ ಮೆತ್ತುವವರೆಗೂ ಆನಂದರು ಲೆಕ್ಕ ಒಪ್ಪಿಸುತ್ತಾರೆ. ನಮ್ಮ ಕೌದಿಯ ಲೆಕ್ಕವೂ ಅದೇ.

ಕಳೆದ ವಾರ ಒಂದು ಬಲ್ಬು ಒಡೆಯಿತು. ಪತ್ರಿಕೆಯ ನಾಲ್ಕು ಹಾಳೆಯಲ್ಲಿ ಸುತ್ತಿ, ರಟ್ಟಿನ ಡಬ್ಬಿಗೆ ಹಾಕಿ, ಮೇಲೆ ದುಂಡಗಿನ ಅಕ್ಷರದಲ್ಲಿ "ಗಾಜು ಇದೆ, ಎಚ್ಚರಿಕೆ" ಎಂದು ಬರೆದು ನಾನೇ ಕೈಗೆ ಕೊಟ್ಟೆ. ಆಕೆಯ ಗಾಯ ಮಾಯ್ದಿತ್ತು. ಡಬ್ಬಿಯನ್ನು ತಿರುಗಿಸಿ ನೋಡಿ, "ನಂಗ ಓದಕ್ ಬರಲ್ಲ ಮೇಷ್ಟ್ರೇ. ಒಂದ್ ಕೆಂಪು ಬಟ್ಟ ಕಟ್ಟಿ, ಗೊತ್ತಾಯ್ತದ" ಎಂದರು.

ಈಗ ಹಳೆ ಕೆಂಪು ಸೀರೆಯೊಂದನ್ನು ಪಟ್ಟಿಪಟ್ಟಿಯಾಗಿ ಹರಿದು ಅಡುಗೆಮನೆಯ ಮೊಳೆಗೆ ನೇತುಹಾಕಿದ್ದೇವೆ. ಭಾನುವಾರ ಬಳಗಕ್ಕೂ ಒಂದು ಕಟ್ಟು ತರುತ್ತೇನೆ, ಬೇಕಾದವರು ಒಯ್ಯಬಹುದು.

ಜೈ ಭೀಮ್.