ಸಿಡಿಲಿಗೆ ವಿಮೆ ಇದೆ, ಸುಟ್ಟ ಟಿವಿಗೆ ಇಲ್ಲ

ಸಿಡಿಲು ಮನೆಯ ಮೇಲೆಯೇ ಬೀಳುವುದು ಅಪರೂಪ. ಟಿವಿ, ಫ್ರಿಜ್, ರೂಟರ್‌ಗಳನ್ನು ಸುಡುವುದು ಹೆಚ್ಚಾಗಿ ಆಚೆಯೆಲ್ಲೋ ಬಿದ್ದದ್ದು. ವಿದ್ಯುತ್ ಲೈನಿಗೋ ಅದರ ಪಕ್ಕದ ಮರಕ್ಕೋ ಸಿಡಿಲು ಹೊಡೆದರೆ ತಂತಿಯಲ್ಲಿ ಸಾವಿರಾರು ವೋಲ್ಟ್‌ಗಳ ಅಲೆ (ಸರ್ಜ್) ಎದ್ದು, 230 ವೋಲ್ಟ್‌ಗೆಂದು ಮಾಡಿದ ಉಪಕರಣದೊಳಗೆ ಮೈಕ್ರೋಸೆಕೆಂಡುಗಳಲ್ಲಿ ನುಗ್ಗುತ್ತದೆ. ಎಂಸಿಬಿ ಬೀಳಲು ಮಿಲಿಸೆಕೆಂಡುಗಳಾದರೂ ಬೇಕು, ಸ್ಟೆಬಿಲೈಸರ್ ಅದಕ್ಕಿಂತ ನಿಧಾನ. ಇವೆರಡನ್ನು ನಂಬಿ ನಿಶ್ಚಿಂತೆಯಿಂದಿರುವ ಮನೆಗಳೇ ಹೆಚ್ಚು.

ನಾಗಪುರ–ಭಂಡಾರಾ ಹೆದ್ದಾರಿಯ ಮೌದಾದಲ್ಲಿ ಎನ್‌ಟಿಪಿಸಿಯ 2,320 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರವಿದೆ: 500 ಮೆಗಾವಾಟ್‌ನ ಎರಡು ಘಟಕ, 660ರ ಎರಡು. ಇಂಥ ಸ್ಥಾವರದ ಸ್ವಿಚ್‌ಯಾರ್ಡಿನಲ್ಲಿ ಸಿಡಿಲಿಗೆ ಮೂರು ಕಾವಲು. ಮೇಲೆ ಹೊಡೆತವನ್ನು ತಾನೇ ತೆಗೆದುಕೊಳ್ಳುವ ಗಾರ್ಡ್ ವೈರ್ ಅಥವಾ ಕಂಬ, ಲೈನ್ ಒಳಬರುವಲ್ಲಿ ಅಲೆಯನ್ನು ನೆಲಕ್ಕಿಳಿಸುವ ಅರೆಸ್ಟರ್, ಜಲ್ಲಿಯಡಿ ಹೂತ ಲೋಹದ ಜಾಲ. ಮನೆಗೂ ಬೇಕಾದದ್ದು ಇದೇ, ಚಿಕ್ಕ ಅಳತೆಯಲ್ಲಿ.

ಅದೇ ಊರಿನ ಒಂದು ಬಾಡಿಗೆ ಮನೆಯಲ್ಲಿ (ಈ ಅಂಕಣಕಾರನದೇ) ಮುಂಗಾರಿನ ಮೊದಲ ಗುಡುಗಿಗೆ ಟಿವಿ, ಸೆಟ್‌ಟಾಪ್ ಬಾಕ್ಸ್, ರೂಟರ್ ಮೂರೂ ಒಟ್ಟಿಗೆ ಹೋದವು. ಮೂರನ್ನೂ ಕೆಂಪು ದೀಪದ ಸ್ಪೈಕ್ ಗಾರ್ಡ್‌ಗೇ ಸಿಕ್ಕಿಸಲಾಗಿತ್ತು. ಗೋಡೆಯ ಸ್ವಿಚ್ ಬೋರ್ಡ್ ಬಿಚ್ಚಿ ನೋಡಿದರೆ ಸಾಕೆಟ್ಟಿನ ಮೇಲಿನ ದಪ್ಪ ತೂತಿನ ಹಿಂದೆ ಅರ್ತ್ ತಂತಿಯೇ ಇಲ್ಲ! ಸ್ಪೈಕ್ ಗಾರ್ಡಿನೊಳಗಿರುವುದು ಬಿಲ್ಲೆಯಂಥ ಪುಟ್ಟ ವ್ಯಾರಿಸ್ಟರ್. ವೋಲ್ಟೇಜ್ ಮಿತಿಮೀರಿದಾಗ ಅದು ಹೆಚ್ಚುವರಿ ಪ್ರವಾಹಕ್ಕೆ ಬೇರೆ ದಾರಿ ಬಿಡುತ್ತದೆ, ಆದರೆ ಭೂಮಿಗೆ ತಂತಿ ಇಲ್ಲದಿದ್ದರೆ ಆ ದಾರಿ ಅರ್ಧಕ್ಕೇ ನಿಲ್ಲುತ್ತದೆ. ಪ್ರತಿ ಹೊಡೆತಕ್ಕೂ ಬಿಲ್ಲೆ ಸವೆಯುತ್ತದೆ. ಎಷ್ಟೋ ಅಗ್ಗದ ಗಾರ್ಡ್‌ಗಳಲ್ಲಿ ಕೆಂಪು ದೀಪ ಕರೆಂಟ್ ಇದೆ ಎನ್ನುತ್ತದೆಯೇ ಹೊರತು ಬಿಲ್ಲೆ ಬದುಕಿದೆ ಎನ್ನುವುದಿಲ್ಲ.

ಆದ್ದರಿಂದ ಮೊದಲ ಹಣ ಅರ್ತಿಂಗ್‌ಗೆ. ಮೌದಾ ಇರುವ, ಮೇ ತಿಂಗಳಲ್ಲಿ ಪಾದರಸ 45 ಡಿಗ್ರಿ ಮುಟ್ಟುವ ವಿದರ್ಭದಲ್ಲಿ ಅರ್ತ್ ಗುಂಡಿಯ ಮಣ್ಣು ಒಣಗಿ, ಪ್ರವಾಹವನ್ನು ಎಳೆದುಕೊಳ್ಳುವ ಶಕ್ತಿ ಕುಂದುತ್ತದೆ. ಮಳೆಗಾಲದ ಮುಂಚಿನ ಗುಡುಗು ಬರುವುದೂ ಆಗಲೇ. ಗುಂಡಿಗೆ ನೀರು ಹಾಕುವುದಕ್ಕೆ ಖರ್ಚಿಲ್ಲ.

ಎರಡನೆಯದು ಮೇನ್ ಬೋರ್ಡಿನಲ್ಲಿ ಎಂಸಿಬಿಯ ಪಕ್ಕ ಕೂರುವ ಟೈಪ್ 2 ಸರ್ಜ್ ಪ್ರೊಟೆಕ್ಟರ್, ಅಂದರೆ ಎಸ್‌ಪಿಡಿ. ಮಾಳಿಗೆಯ ಮೇಲೆ ಸಿಡಿಲುಕಂಬಿ ಇದ್ದರೆ ಟೈಪ್ 1 ಕೂಡ ಬೇಕು. ಎಲೆಕ್ಟ್ರಿಷಿಯನ್‌ಗಳು ತಪ್ಪುವುದು ತಂತಿಯ ಉದ್ದದಲ್ಲಿ. ಎಸ್‌ಪಿಡಿಗೆ ಹೋಗಿಬರುವ ತಂತಿ ಒಟ್ಟು ಅರ್ಧ ಮೀಟರ್ ಮೀರಬಾರದು. ಹತ್ತು ಸಾವಿರ ಆಂಪಿಯರ್‌ನ ಸರ್ಜ್ ಹರಿದರೆ ಒಂದು ಮೀಟರ್ ತಂತಿಯ ಮೇಲೇ ಸುಮಾರು ಸಾವಿರ ವೋಲ್ಟ್ ಏಳುತ್ತದೆ, ಅದೆಲ್ಲ ಟಿವಿಯ ಪಾಲಿಗೆ. ಅಂದವಾಗಿ ಸುರುಳಿ ಸುತ್ತಿಟ್ಟ ತಂತಿ ಇಲ್ಲಿ ಶತ್ರು. ನ್ಯೂಟ್ರಲ್ ಕಡಿದು 400 ವೋಲ್ಟ್‌ವರೆಗೆ ಏರುವ ಕಾಟ ಬೇರೆ. ಅದಕ್ಕೆ ಓವರ್‌ವೋಲ್ಟೇಜ್ ರಿಲೇ ಬೇಕು.

ಕಡಿಮೆ ವೋಲ್ಟೇಜಿನ ತಂತಿಗಳನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಆ ಬಾಡಿಗೆ ಮನೆಯ ಟಿವಿಯ ಪವರ್ ಬೋರ್ಡ್ ಸರಿಯಾಗಿಯೇ ಇತ್ತು, ಸುಟ್ಟದ್ದು ಎಚ್‌ಡಿಎಂಐ ಭಾಗ. ಸರ್ಜ್ ಬಂದದ್ದು ಮಾಳಿಗೆಯ ಡಿಶ್ಶಿನ ಕೇಬಲ್ಲಿನಿಂದ ಎಂದರು ದುರಸ್ತಿಯವರು. ಹೊರಗಿನ ಸಿಸಿಟಿವಿ, ಗೇಟಿನ ಇಂಟರ್‌ಕಾಮ್ ತಂತಿಗಳೂ ಹೀಗೆಯೇ. ಇವುಗಳ ಪ್ರೊಟೆಕ್ಟರ್‌ಗಳೂ ಮನೆಯ ಅದೇ ಅರ್ತ್‌ಗೆ ಸೇರಬೇಕು. ಪುಣೆಯ ಐಐಟಿಎಂ ರೂಪಿಸಿದ ‘ದಾಮಿನಿ’ ಆ್ಯಪ್ ಹತ್ತಿರದ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಗುಡುಗು ಶುರುವಾಗುವ ಮೊದಲೇ ಪ್ಲಗ್ಗನ್ನೂ ಕೇಬಲ್ಲನ್ನೂ ಕಿತ್ತಿಡುವುದಕ್ಕೆ ಸಮನಾದ ರಕ್ಷಣೆ ಇನ್ನೊಂದಿಲ್ಲ.

ಉಳಿದದ್ದು ವಿಮೆ. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಸಿಡಿಲಿನ ಹೆಸರಿದೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆಯ ವಸ್ತುಗಳಿಗೂ ತಾನಾಗಿ ಸಿಗುತ್ತದೆ. ಆದರೆ ಹೊರಗಿಟ್ಟವುಗಳ ಪಟ್ಟಿಯನ್ನೂ ಓದಬೇಕು: ಶಾರ್ಟ್ ಸರ್ಕ್ಯೂಟ್, ಅತಿ ವೋಲ್ಟೇಜಿನಂಥ ಹೊಡೆತದಿಂದ ಕೆಟ್ಟ ಉಪಕರಣಕ್ಕೆ, ಕಾರಣ ಸಿಡಿಲೇ ಆಗಿದ್ದರೂ, ಪರಿಹಾರವಿಲ್ಲ. ಟಿವಿಯಿಂದ ಹತ್ತಿದ ಬೆಂಕಿಗೆ ಸೋಫಾ ಸುಟ್ಟರೆ ಸೋಫಾಕ್ಕೆ ಹಣ ಬರುತ್ತದೆ, ಟಿವಿಗೆ ಬರುವುದಿಲ್ಲ. ಉಪಕರಣಗಳ ಬ್ರೇಕ್‌ಡೌನ್ ವಿಮೆ ಪ್ರತ್ಯೇಕವಾಗಿ ಸಿಗುತ್ತದೆ. ಹಳೆಯ ಟಿವಿಗೆ ಅದರ ಪ್ರೀಮಿಯಂ ದಂಡವೇ.

ಮೌದಾದ ಆ ಮನೆಯಲ್ಲಿ ಹೊಸ ಅರ್ತ್ ಗುಂಡಿಯ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಲು ಮಾಲೀಕರು ಒಪ್ಪಿದರು. ಎಸ್‌ಪಿಡಿ ಬಾಡಿಗೆದಾರನದು, ಮನೆ ಬಿಡುವಾಗ ಎಲೆಕ್ಟ್ರಿಷಿಯನ್ ಕೈಯಲ್ಲಿ ಬಿಚ್ಚಿಸಿಕೊಂಡು ಹೋಗಬಹುದು.