ನಿಂತು ನಿಂತು ಹೊರಡುವ ಹಳೆಯ ಜೀಪು: ದೋಷ ಹುಡುಕುವ ಬಗೆ

ಸದಸ್ಯ ಬಾಂಧವರಲ್ಲಿ ಹಲವರ ಅಂಗಳದಲ್ಲಿ ಇಂದಿಗೂ ಹಳೆಯ ಪೆಟ್ರೋಲ್ ಜೀಪು ಇದೆ. ತೋಟದ ಕಚ್ಚಾ ದಾರಿಗೆ, ಗೊಬ್ಬರಕ್ಕೆ, ಕೊಯ್ಲಿನ ಕಾಲದಲ್ಲಿ ಹಣ್ಣಿನ ಮೂಟೆಗೆ ಅದಕ್ಕೆ ಸಮನಾದುದು ಬೇರೆ ಇಲ್ಲವೆಂಬುದು ನಮ್ಮ ಅಭಿಪ್ರಾಯ. ಪೂರ್ತಿ ಕೆಟ್ಟು ನಿಂತ ಎಂಜಿನ್ನನ್ನು ಸರಿಪಡಿಸುವುದು ಅಷ್ಟೇನೂ ಕಷ್ಟವಲ್ಲ. ದಾರಿಯಲ್ಲಿ ನಿಂತು, ಅರ್ಧ ಗಂಟೆ ಕಳೆದ ಮೇಲೆ ಏನೂ ಆಗಿಲ್ಲವೆಂಬಂತೆ ಹೊರಡುವ ಎಂಜಿನ್ನೇ ಯಜಮಾನನನ್ನು ಹಣ್ಣು ಮಾಡುವುದು. ನಾವು ಇದನ್ನು ದುಡ್ಡು ಕೊಟ್ಟು ಕಲಿತದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

2024ರ ಡಿಸೆಂಬರಿನಲ್ಲಿ ಎಂಟು ಮೂಟೆ ಕಾಫಿ ಹಣ್ಣು ಹೇರಿಕೊಂಡು ಪಲ್ಪರ್ ಮನೆಗೆ ಬರುತ್ತಿದ್ದಾಗ ನಮ್ಮ ಸಿಜೆ-3ಬಿ ಜೀಪು ಏರಿನಲ್ಲಿ ನಿಂತಿತು. ಕೊಯ್ದ ದಿನವೇ ಪಲ್ಪ್ ಆಗದಿದ್ದರೆ ಹಣ್ಣು ಹುಳಿಯುವುದೆಂದು ಬೆಳೆಗಾರರಿಗೆ ಹೇಳಬೇಕಾಗಿಲ್ಲ. “ಪೆಟ್ರೋಲ್ ಕಾದು ಹಬೆ ಕಟ್ಟಿದೆ ಅಯ್ಯಾ” ಎಂದ ಡ್ರೈವರ್, ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಗೋಣಿ ಹಾಕಿದ. ಇಪ್ಪತ್ತೈದು ನಿಮಿಷದ ನಂತರ ಎಂಜಿನ್ ಹೊರಟಿತು. ಗೋಣಿಯೇ ಗೆದ್ದಿತೆಂದು ಎಲ್ಲರೂ ನಂಬಿದೆವು. ಗೋಣಿ ಹಾಕದಿದ್ದರೂ ಅಷ್ಟೇ ಹೊತ್ತಿಗೆ ಹೊರಡುತ್ತಿತ್ತೆಂಬುದು ಯಾರಿಗೂ ಹೊಳೆಯಲಿಲ್ಲ.

ಮುಂದಿನ ಆರು ವಾರಗಳಲ್ಲಿ ಒಬ್ಬರು ಕಾರ್ಬುರೇಟರ್ ಬಿಚ್ಚಿ ತೊಳೆದರು; ಇನ್ನೊಬ್ಬರು ಪಂಪು ಬದಲಿಸಿದರು; ಮೂರನೆಯವರು ಪ್ಲಗ್ಗು, ವೈರು, ಪಾಯಿಂಟುಗಳನ್ನು ಒಟ್ಟಿಗೆ ಹೊಸದು ಹಾಕಿದರು. ಪ್ರತಿ ಸಲವೂ ವರ್ಕ್‌ಶಾಪಿನಲ್ಲಿ ಜೀಪು ಚಿನ್ನದಂತೆ ಓಡಿತು. ಆದರೆ ಜ್ವರ ಏರಿದ್ದ ನಮ್ಮ ಆಳೊಬ್ಬನನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯುವಾಗ ರಾತ್ರಿ ಘಾಟಿಯಲ್ಲಿ ಅದು ಮತ್ತೆ ನಿಂತಿತು. ಅಡಿಕೆ ತುಂಬಿದ ಲಾರಿಯೊಂದು ಬಂದುದರಿಂದ ಅವನು ಹೊತ್ತಿಗೆ ಆಸ್ಪತ್ರೆ ಸೇರಿದ. ಇನ್ನು ಮೆಕ್ಯಾನಿಕ್ಕಿನ ಬಾಯಿಮಾತಿನ ಮೇಲೆ ನಡೆಯಬಾರದೆಂದು ನಾವು ನಿಶ್ಚಯಿಸಿದ್ದು ಆ ರಾತ್ರಿ.

ಮೊದಲು ಮಾಡಿದ ಕೆಲಸ, ಜೀಪಿನಲ್ಲಿ ಒಂದು ನೋಟ್‌ಬುಕ್ ಇಟ್ಟದ್ದು. ಎಷ್ಟು ಹೊತ್ತು ಓಡಿದ ಮೇಲೆ ನಿಂತಿತು, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲಿತ್ತು, ಮಳೆಯೋ ಬಿಸಿಲೋ, ನಿಲ್ಲುವ ಮುನ್ನ ಮುಗ್ಗರಿಸಿತೋ ಇಲ್ಲವೋ ಎಂದು ಬರೆದೆವು. ಮೂರೇ ಬರಹದಲ್ಲಿ ಒಂದು ಸಂಗತಿ ಕಂಡಿತು: ಸುಮಾರು ನಲವತ್ತು ನಿಮಿಷ ಓಡಿದ ಮೇಲೆ, ಸ್ವಿಚ್ ಆರಿಸಿದಂತೆ ಒಮ್ಮೆಲೇ ನಿಲ್ಲುತ್ತಿತ್ತು. ಪೆಟ್ರೋಲ್ ಬತ್ತಿದರೆ ಎಂಜಿನ್ ಸಾಮಾನ್ಯವಾಗಿ ಮುಗ್ಗರಿಸಿ, ಕೆಮ್ಮಿ, ಶಕ್ತಿ ಕಳೆದುಕೊಂಡು ನಿಲ್ಲುತ್ತದೆ. ಒಮ್ಮೆಲೇ ಸತ್ತರೆ ಕಿಡಿಯ ಕಡೆ ನೋಡುವುದು ಯುಕ್ತ.

ಎರಡನೆಯದಾಗಿ, ದೋಷ ಇರುವಾಗಲೇ ಪರೀಕ್ಷಿಸಬೇಕು. ತಣ್ಣಗಾದ ಮೇಲೆ ಸಾಕ್ಷಿ ಉಳಿಯುವುದಿಲ್ಲ. ಮುಂದಿನ ಸಲ ನಿಂತಾಗ ಚಕ್ರಕ್ಕೆ ಕಲ್ಲು ಕೊಟ್ಟು ಕೂಡಲೇ ಬಾನೆಟ್ ಎತ್ತಿದೆವು. ಏರ್ ಕ್ಲೀನರಿನ ಕೊಳವೆ ತೆಗೆದು ಕಾರ್ಬುರೇಟರಿನ ಬಾಯಲ್ಲಿ ನೋಡುತ್ತ ಆಕ್ಸಿಲರೇಟರ್ ಕಡ್ಡಿಯನ್ನು ಎಳೆದಾಗ ಪೆಟ್ರೋಲ್ ಚಿಮ್ಮಿತು. ಹಬೆಯ ವಾದ ಅಲ್ಲಿಗೇ ಬಿತ್ತು. ಕೊಳವೆಯನ್ನು ಮತ್ತೆ ಕೂಡಿಸಿ, ಚೆಲ್ಲಿದ್ದು ಆರುವ ತನಕ ತಡೆದು, ಆಮೇಲೆ ಕಿಡಿಯ ಪರೀಕ್ಷೆಗೆ ತೊಡಗಿದೆವು. ಈ ಕ್ರಮ ತಪ್ಪಿದರೆ ಬೆಂಕಿ ಬೀಳುವುದುಂಟು.

ಇದಕ್ಕೆ ಬೇಕಾದುದು ಎರಡು ವೈರು ಕಟ್ಟಿದ 12 ವೋಲ್ಟಿನ ಸಣ್ಣ ಬಲ್ಬು ಮಾತ್ರ. ಒಂದು ವೈರನ್ನು ಬಾಡಿಗೆ ಹಿಡಿದು ಇನ್ನೊಂದನ್ನು ಕಾಯಿಲಿನ ಸ್ವಿಚ್ ಕಡೆಯ ತಿರುಪಿಗೆ ಮುಟ್ಟಿಸಿದರೆ ಬಲ್ಬು ಉರಿಯಬೇಕು. ಉರಿಯದಿದ್ದರೆ ದೋಷ ಸ್ವಿಚ್ಚಿನಲ್ಲೋ ವೈರಿನಲ್ಲೋ ಇದೆ. ಡಿಸ್ಟ್ರಿಬ್ಯೂಟರ್ ಕಡೆಯ ತಿರುಪಿಗೆ ಮುಟ್ಟಿಸಿ ಸ್ಟಾರ್ಟರ್ ಒತ್ತಿದರೆ ಬಲ್ಬು ಹತ್ತಿ ಆರಿ ಮಿನುಗಬೇಕು. ಮಿನುಗಿದರೆ ಪಾಯಿಂಟುಗಳು ತೆರೆದು ಮುಚ್ಚುತ್ತಿವೆ ಎಂದರ್ಥ. ಒಂದೇ ಸಮನೆ ಉರಿದರೆ ಪಾಯಿಂಟು ಕೂಡುತ್ತಿಲ್ಲ. ಉರಿಯದೇ ಇದ್ದರೆ ಪಾಯಿಂಟು ತೆರೆಯುತ್ತಿಲ್ಲ, ಇಲ್ಲವೆ ಕಂಡೆನ್ಸರ್ ಶಾರ್ಟ್ ಆಗಿದೆ, ಅಥವಾ ಕಾಯಿಲಿನ ಒಳತಂತಿ ಕಡಿದಿದೆ. ನಮ್ಮ ಬಲ್ಬು ಸರಿಯಾಗಿ ಮಿನುಗಿತು. ಆದರೆ ಕಾಯಿಲಿನ ನಡುವಿನ ದಪ್ಪ ವೈರಿಗೆ ಬಿಡಿ ಪ್ಲಗ್ಗೊಂದನ್ನು ಸಿಕ್ಕಿಸಿ ಎಂಜಿನ್ನಿಗೆ ತಾಗಿಸಿ ಇಟ್ಟಾಗ ಕಿಡಿ ಇಲ್ಲ! ಕಿಡಿ ಕಾಯಿಲಿನಿಂದಲೇ ಹೊರಬರದ ಮೇಲೆ ಕ್ಯಾಪು, ರೋಟರುಗಳನ್ನು ದೂರುವಂತಿಲ್ಲ. ಕಾಯಿಲಂತೂ ಕೈಯಿಡಲಾಗದಷ್ಟು ಕಾದಿತ್ತು.

ಕಂಡೆನ್ಸರ್ ಅಗ್ಗವಾದ್ದರಿಂದ ಅದೊಂದನ್ನೇ ಮೊದಲು ಬದಲಿಸಿದೆವು. ಎರಡನೆಯ ದಿನ ಜೀಪು ಮತ್ತೆ ನಿಂತಿತು. ಕಾಯಿಲ್ ಬದಲಿಸಿದ ಮೇಲೆ ನಿಂತಿಲ್ಲ. ಎರಡನ್ನೂ ಒಟ್ಟಿಗೆ ಬದಲಿಸಿದ್ದರೆ ಯಾವುದು ಕಳ್ಳನೆಂದು ತಿಳಿಯುತ್ತಿರಲಿಲ್ಲ.

ಕಾಯಿಲ್ ಏಕೆ ಕೆಟ್ಟಿತೆಂಬುದು ಇದಕ್ಕಿಂತ ಮುಖ್ಯ. ತೆಗೆದ ಕಾಯಿಲಿನ ಡಬ್ಬಿಯ ಮೇಲೆ, ಹೊರಗಿನ ರೆಸಿಸ್ಟರಿನೊಡನೆ ಬಳಸಬೇಕೆಂದು ಅಚ್ಚಾಗಿತ್ತು. ಹಿಂದಿನ ವರ್ಷ ಹಾಕಿದವರು ಓದಲಿಲ್ಲ, ನಾವೂ ಓದಲಿಲ್ಲ. ಅಂಥ ಕಾಯಿಲಿನ ಒಳತಂತಿಯ ರೋಧ ಸುಮಾರು ಒಂದೂವರೆ ಓಮ್. ರೆಸಿಸ್ಟರಿಲ್ಲದೆ ನೇರ 12 ವೋಲ್ಟಿಗೆ ಹಾಕುವ ಕಾಯಿಲಿನದು ಸುಮಾರು ಮೂರು. ರೋಧ ಅರ್ಧವಾದಾಗ ಕರೆಂಟು ಇಮ್ಮಡಿ. ಕಾಯಿಲ್ ಕಾಯುತ್ತದೆ, ಕಾದಾಗ ಒಳಗಿನ ಕೂದಲೆಳೆಯ ತಂತಿ ಬಿಡುತ್ತದೆ, ತಣಿದಾಗ ಮತ್ತೆ ಕೂಡುತ್ತದೆ. ಒಂದೇ ವರ್ಷದಲ್ಲಿ ಮೂರು ಸಲ ಪಾಯಿಂಟು ಸುಟ್ಟಿದ್ದೂ ಇದರಿಂದಲೇ. ಎಂಜಿನ್ ನಿಂತಿರುವಾಗ ಸ್ವಿಚ್ ಹಾಕಿಟ್ಟರೂ ಕಾಯಿಲ್ ಹೀಗೆಯೇ ಕಾಯುವುದುಂಟು. ಮನೆಯ ಹುಡುಗರಿಗೆ ತಿಳಿಸಿ.

ಎಲ್ಲ ಜೀಪುಗಳ ರೋಗವೂ ಕಾಯಿಲೇ ಎಂದಲ್ಲ. ಮುಗ್ಗರಿಸಿ ನಿಲ್ಲುವುದಾದರೆ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಗಾಳಿ ಒಳಗೆಳೆದ ಸದ್ದು ಬಂದರೆ ಅದರ ಸಣ್ಣ ರಂಧ್ರ ಕೆಸರಿನಿಂದ ಮುಚ್ಚಿದೆ. ಮಳೆಗಾಲದಲ್ಲಿ ಮಾತ್ರ ಕಾಡಿದರೆ, ರಾತ್ರಿ ಕತ್ತಲಲ್ಲಿ ಎಂಜಿನ್ ಓಡಿಸಿ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಮೇಲೆ ನೀಲಿ ಕಿಡಿ ಹರಿಯುವುದೋ ನೋಡಿ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಾಂ ಬೇಗ ಹಾಳಾಗುತ್ತವೆ. ಎಥನಾಲ್ ನೀರನ್ನೂ ಹೀರುತ್ತದೆ. ಹೆಚ್ಚಾದಾಗ ಎರಡೂ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತವೆ. ಮಳೆಗಾಲವಿಡೀ ನಿಲ್ಲಿಸಿದ್ದ ಜೀಪಿನ ಟ್ಯಾಂಕಿನ ತಳವನ್ನು ಕೊಯ್ಲಿಗೆ ಮುಂಚೆ ಬಸಿದು ನೋಡುವುದು ಒಳಿತು.

ಬಲ್ಬು, ವೈರು, ಬಿಡಿ ಪ್ಲಗ್ಗಿರುವ ಒಂದು ಡಬ್ಬಿಯನ್ನು ಸಂಘದ ಕಚೇರಿಯಲ್ಲಿ ಇಟ್ಟಿದ್ದೇವೆ. ಬೇಕಾದ ಸದಸ್ಯರು ಪುಸ್ತಕದಲ್ಲಿ ಸಹಿ ಮಾಡಿ ಒಯ್ಯಬಹುದು. ವಾರದೊಳಗೆ ಹಿಂದಿರುಗಿಸಬೇಕಾಗಿ ವಿನಂತಿ.