ಪೋರ್ಟ್ ಮಾಡೋಕೆ ಮುಂಚೆ ಬ್ಯಾಂಡ್ ನೋಡಿ

ಹಾಸ್ಟೆಲ್‌ನಲ್ಲಿ ಯಾರಿಗಾದ್ರೂ ನೆಟ್ ಸಿಗ್ತಿಲ್ಲ ಅಂದ್ರೆ ಮೊದಲು ಬರೋ ಸಲಹೆ "ಪೋರ್ಟ್ ಮಾಡ್ಸು ಮಾರಾಯ". ಅದಕ್ಕೂ ಬಗ್ಗದಿದ್ರೆ "ಫೋನ್ ಚೇಂಜ್ ಮಾಡು". ಕಮ್ಯುನಿಕೇಶನ್ ಪೇಪರ್ ಪಾಸಾದವರೂ ಇದನ್ನೇ ಹೇಳ್ತಾರೆ ಅನ್ನೋದೇ ತಮಾಷೆ. ಟವರ್ ಯಾವ ಫ್ರೀಕ್ವೆನ್ಸಿಯಲ್ಲಿ ಮಾತಾಡ್ತಿದೆ, ನಮ್ಮ ಫೋನಿಗೆ ಆ ಫ್ರೀಕ್ವೆನ್ಸಿ ಕೇಳುತ್ತಾ ಅನ್ನೋ ಎರಡು ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆ ಅರ್ಧ ಜನಕ್ಕೆ ಪೋರ್ಟೂ ಬೇಡ, ಹೊಸ ಫೋನೂ ಬೇಡ.

ಈ ಪಾಠಕ್ಕೆ ನಮ್ಮ ಸೋಗಾನೆಗಿಂತ ಒಳ್ಳೆ ಉದಾಹರಣೆ ಸಿಗಲ್ಲ. ಅಲ್ಲಿನ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆ ಆಗಿದ್ದು 2023ರ ಫೆಬ್ರವರಿ 27ರಂದು. ಅದಕ್ಕೆ ಮೂರು ತಿಂಗಳ ಹಿಂದೆ, 2022ರ ನವೆಂಬರ್ ಕೊನೆಯಲ್ಲಿ, ಕೇಂದ್ರ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಒಂದು ಪತ್ರ ಕಳಿಸಿತ್ತು: ವಿಮಾನ ನಿಲ್ದಾಣಗಳಲ್ಲಿ ರನ್‌ವೇಯ ಎರಡೂ ತುದಿಯಿಂದ 2.1 ಕಿ.ಮೀ., ಮಧ್ಯರೇಖೆಯಿಂದ 910 ಮೀಟರ್ ಒಳಗೆ 3300–3670 ಮೆಗಾಹರ್ಟ್ಸ್‌ನ 5ಜಿ ಬೇಸ್ ಸ್ಟೇಷನ್ ಹಾಕಬೇಡಿ ಅಂತ. ಕಾರಣ ವಿಮಾನದ ರೇಡಿಯೋ ಆಲ್ಟಿಮೀಟರ್. ಅದು 4200–4400 ಮೆಗಾಹರ್ಟ್ಸ್‌ನಲ್ಲಿ ಸಿಗ್ನಲ್ ಅನ್ನು ನೆಲಕ್ಕೆ ಬಿಟ್ಟು, ವಾಪಸ್ ಬಂದದ್ದನ್ನು ನೋಡಿ ಎತ್ತರ ಲೆಕ್ಕ ಹಾಕುತ್ತೆ. ಹಳೇ ಆಲ್ಟಿಮೀಟರ್‌ಗಳ ಫಿಲ್ಟರ್ ಸಡಿಲ, ಪಕ್ಕದ ಬ್ಯಾಂಡಿನ ಗಲಾಟೆಯೂ ಒಳಗೆ ನುಗ್ಗಬಹುದು. 2022ರ ಜನವರಿಯಲ್ಲಿ ಅಮೆರಿಕದಲ್ಲಿ ಇದೇ ಭಯಕ್ಕೆ ಏರ್ ಇಂಡಿಯಾ ಕೂಡ ಕೆಲವು ವಿಮಾನ ರದ್ದು ಮಾಡಿತ್ತು. ಅಲ್ಲಿನ ಬ್ಯಾಂಡ್ 3980ರವರೆಗೆ ಹೋಗುತ್ತೆ, ಅಂದ್ರೆ ನಡುವೆ 220 ಮೆಗಾಹರ್ಟ್ಸ್ ಅಂತರ. ನಮ್ಮಲ್ಲಿ 530. ಆದ್ರೂ ಎಚ್ಚರ ಒಳ್ಳೆಯದೇ, ಇಳಿಯೋ ವಿಮಾನದಲ್ಲಿ ಕೂತವರು ನಾವೇ ತಾನೆ.

ಸೋಗಾನೆಯ ರನ್‌ವೇ 3.2 ಕಿ.ಮೀ. ಪತ್ರದ ಅಳತೆಯನ್ನು ಅದರ ಮೇಲಿಟ್ಟು ನೋಡಿ: ಉದ್ದ 7.4 ಕಿ.ಮೀ., ಅಗಲ 1.82 ಕಿ.ಮೀ., ಒಟ್ಟು ಸುಮಾರು 13.5 ಚದರ ಕಿ.ಮೀ. ಇಷ್ಟು ಜಾಗದಲ್ಲಿ ಹೊಲ, ಮನೆ, ರಸ್ತೆ ಎಲ್ಲ ಬರುತ್ತೆ. ಈ ನಿರ್ಬಂಧ ಆಲ್ಟಿಮೀಟರ್‌ಗಳು ಬದಲಾಗೋ ತನಕ ಮಾತ್ರ ಅಂತ ಪತ್ರದಲ್ಲೇ ಇತ್ತು. ನಮಗೆ ಮುಖ್ಯವಾದ ಮಾತು ಬೇರೆ. ಇಂಥ ಜಾಗದಲ್ಲಿ 3300ರ ಬ್ಯಾಂಡ್, ಅಂದ್ರೆ ಎನ್78 ಮೇಲೆ ಮಾತ್ರ ನಿಂತ 5ಜಿ ಸಿಗಲ್ಲ, ಫೋನ್ 4ಜಿಗೆ ಇಳಿಯುತ್ತೆ. 700 ಮೆಗಾಹರ್ಟ್ಸ್‌ನ ಎನ್28ಕ್ಕೆ ಈ ತಡೆ ತಾಗಲ್ಲ. 2022ರ ಹರಾಜಿನಲ್ಲಿ 700ನ್ನು ಕೊಂಡದ್ದು ಜಿಯೋ ಒಂದೇ. ಹಾಗಂತ "ಜಿಯೋಗೆ ಹೋಗಿ" ಅಂತ ನಾನು ಹೇಳ್ತಿಲ್ಲ. ನಿಮ್ಮ ಫೋನಿನಲ್ಲಿ ಎನ್28 ಇಲ್ಲದಿದ್ರೆ ಆ ಸಿಮ್ ಹಾಕಿಯೂ ಅಲ್ಲಿ 4ಜಿಯೇ.

700ಕ್ಕೆ ಯಾಕಿಷ್ಟು ಬೆಲೆ? ಫ್ರೀ ಸ್ಪೇಸ್ ಪಾತ್ ಲಾಸ್ ಸೂತ್ರ ನೆನಪಿದ್ಯಲ್ಲ, ಅದರಲ್ಲಿ ಫ್ರೀಕ್ವೆನ್ಸಿ 20 ಲಾಗ್ ಎಫ್ ಆಗಿ ಬರುತ್ತೆ. 3500 ಅನ್ನೋದು 700ರ ಐದು ಪಟ್ಟು, 20 ಲಾಗ್ 5 ಅಂದ್ರೆ 14 ಡಿಬಿ. ಅದೇ ದೂರ, ಅದೇ ಪವರ್, ಅದೇ ಗೇನ್‌ನ ಆಂಟೆನಾ ಇಟ್ಟರೆ ಸುಮಾರು 25 ಪಟ್ಟು ವ್ಯತ್ಯಾಸ. ಗೋಡೆಯ ನಷ್ಟ ಇನ್ನೂ ಬೇರೆ. ಎನ್78ರ ಟವರ್‌ಗಳು ಮ್ಯಾಸಿವ್ ಮೈಮೋದಿಂದ ಇದರಲ್ಲಿ ಒಂದಷ್ಟು ವಾಪಸ್ ಪಡೆಯುತ್ತವೆ ನಿಜ. ಆದರೆ ಜಿಯೋ ಬಳಿ 3300ರಲ್ಲಿ 100 ಮೆಗಾಹರ್ಟ್ಸ್ ಇದೆ, 700ರಲ್ಲಿ ಇರೋದು 10ರ ಒಂದು ಜೋಡಿ. ದೂರ ಹೋಗೋ ಬ್ಯಾಂಡ್ ಸಪೂರ, ಅಗಲದ ಬ್ಯಾಂಡ್ ದೂರ ಹೋಗಲ್ಲ. ಜಾಹೀರಾತಿನಲ್ಲಿ ಎರಡಕ್ಕೂ ಒಂದೇ ಹೆಸರು: 5ಜಿ.

ಹಾಗಾಗಿ ಫೋನ್ ಹೋಲಿಸುವಾಗ ಕ್ಯಾಮೆರಾ ಮೆಗಾಪಿಕ್ಸೆಲ್ ಜೊತೆ ಬ್ಯಾಂಡ್‌ಗಳ ಸಾಲನ್ನೂ ಓದಿ. ‘ಬಿ’ ಅಂದ್ರೆ 4ಜಿ, ‘ಎನ್’ ಅಂದ್ರೆ 5ಜಿ. ಎನ್28 ಇದ್ದ ಮಾತ್ರಕ್ಕೆ ಬಿ28 ಇರಲೇಬೇಕು ಅಂತಿಲ್ಲ. ಬಿಎಸ್ಎನ್ಎಲ್‌ನ ಸ್ವದೇಶಿ 4ಜಿ, 2025ರ ಸೆಪ್ಟೆಂಬರ್ 27ರಂದು ಉದ್ಘಾಟನೆಯಾದದ್ದು, 700 ಮತ್ತು 2100ರಲ್ಲಿ ನಡೆಯುತ್ತೆ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ರೇಟು ಏರಿಸಿದಾಗ ಸಿಟ್ಟಿಗೆ ಬಿಎಸ್ಎನ್ಎಲ್‌ಗೆ ಪೋರ್ಟ್ ಆದವರು ಬಹಳ ಜನ. ಅವರಲ್ಲಿ ಬಿ28 ಇಲ್ಲದ ಹಳೇ ಫೋನಿನವರಿಗೆ 700ರ ಟವರ್ ಪಕ್ಕದಲ್ಲೇ ಬಂದ್ರೂ ಕಾಣಲ್ಲ. ವಿದೇಶದಿಂದ ಮಾವ ತಂದುಕೊಟ್ಟ ಫೋನ್ ಆದ್ರೆ ಮಾಡೆಲ್ ನಂಬರ್ ನೋಡಿ. ಹೆಸರು ಒಂದೇ ಇದ್ರೂ ದೇಶದಿಂದ ದೇಶಕ್ಕೆ ಬ್ಯಾಂಡ್ ಬದಲಾಗುತ್ತೆ.

ಇನ್ನು ಅಳೆಯೋದು. ಕಡ್ಡಿ ಎಣಿಸ್ಬೇಡಿ, ಯಾವ ಕಂಪನಿಯ ಫೋನಿನಲ್ಲಿ ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಅನ್ನೋದಕ್ಕೆ ಕಾನೂನಿಲ್ಲ. ಆಂಡ್ರಾಯ್ಡ್‌ನಲ್ಲಿ *#*#4636#*#* ಡಯಲ್ ಮಾಡಿದ್ರೆ ಹೆಚ್ಚಿನ ಫೋನುಗಳಲ್ಲಿ ಆರ್‌ಎಸ್‌ಆರ್‌ಪಿ ಸಿಗುತ್ತೆ. ಮೈನಸ್ 85 ಡಿಬಿಎಂ ಆಸುಪಾಸು ಆರಾಮ, ಮೈನಸ್ 115 ದಾಟಿದ್ರೆ ಕಷ್ಟ. ಮೈನಸ್ 90ಕ್ಕೂ ಮೈನಸ್ 110ಕ್ಕೂ ನಡುವೆ ನೂರು ಪಟ್ಟು ಪವರ್ ಇದೆ ಅನ್ನೋದು ಮರೀಬೇಡಿ. ಆರ್‌ಎಸ್‌ಆರ್‌ಪಿ ಚೆನ್ನಾಗಿದ್ದೂ ನೆಟ್ ಸತ್ತಿದ್ರೆ ಎಸ್‌ಐಎನ್‌ಆರ್ ನೋಡಿ. ಅದು ಬಿದ್ದಿದ್ರೆ ಗಲಾಟೆ ಜಾಸ್ತಿ ಅಂತ ಅರ್ಥ. ಜಾಮರ್ ಇರೋ ಕಡೆ ಹೀಗೇ ಆಗುತ್ತೆ, ಕಡ್ಡಿ ತುಂಬ, ನೆಟ್ ಸೊನ್ನೆ. ಎರಡೂ ಚೆನ್ನಾಗಿದ್ದು ರಾತ್ರಿ ಹತ್ತಕ್ಕೆ ಮಾತ್ರ ನಿಧಾನ ಅಂದ್ರೆ ಇಡೀ ಹಾಸ್ಟೆಲ್ ಒಂದೇ ಸೆಲ್ಲಿನಲ್ಲಿ ರೀಲ್ಸ್ ನೋಡ್ತಿದೆ. ಆಗ ಪಕ್ಕದ ರೂಮಿನವರ ಬೇರೆ ಕಂಪನಿ ಸಿಮ್ಮನ್ನು ನಿಮ್ಮದೇ ಫೋನಿಗೆ ಹಾಕಿ, ಅದೇ ಮೂಲೆಯಲ್ಲಿ, ಅದೇ ಹೊತ್ತಲ್ಲಿ ನೋಡಿ. ಫೋನ್ ಬೇರೆ ಮಾಡಿ ಹೋಲಿಸಿದ್ರೆ ಏನೂ ತಿಳಿಯಲ್ಲ. ಟ್ರಾಯ್ ಆದೇಶದಂತೆ 2025ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಕವರೇಜ್ ನಕ್ಷೆ ಪ್ರಕಟಿಸಬೇಕು. ನೋಡಿ, ಆದ್ರೆ ನಕ್ಷೆಗೆ ನಿಮ್ಮ ರೂಮಿನ ಗೋಡೆ ಗೊತ್ತಿಲ್ಲ.

ಇಷ್ಟಾದ ಮೇಲೂ ಒಂದು ವಿಷಯ ಬಾಕಿ: ಊರು. ಹೊಸನಗರ, ತೀರ್ಥಹಳ್ಳಿ, ತುಮರಿ ಕಡೆಯವರಿಗೆ ಬಿಡಿಸಿ ಹೇಳೋದು ಬೇಡ. ಕೊರೊನಾ ಕಾಲದ ಆನ್‌ಲೈನ್ ಕ್ಲಾಸಿಗೆ ಗುಡ್ಡ ಹತ್ತಿದವರು ನಮ್ಮ ಬ್ಯಾಚುಗಳಲ್ಲೇ ಇದ್ದಾರೆ. ಶಿವಮೊಗ್ಗದಲ್ಲಿ ಚೆನ್ನಾಗಿ ಓಡುತ್ತೆ ಅಂತ ಪೋರ್ಟ್ ಆಗಿ, ರಜೆಗೆ ಮನೆಗೆ ಹೋದಾಗ ಪ್ಲೇಸ್‌ಮೆಂಟ್‌ನವರ ಕಾಲ್ ತಪ್ಪಿದ್ರೆ ಯಾರಿಗೆ ಹೇಳ್ತೀರಿ? ನನ್ನ ಮತ ಕೇಳಿದ್ರೆ, ಬ್ಯಾಂಕು, ಆಧಾರ್, ಕಾಲೇಜಿಗೆ ಕೊಟ್ಟ ನಂಬರ್ ಊರಲ್ಲಿ ಸಿಗೋ ಕಂಪನಿಯಲ್ಲೇ ಇರಲಿ, ಕ್ಯಾಂಪಸ್ಸಿನ ಡೇಟಾಕ್ಕೆ ಎರಡನೇ ಸ್ಲಾಟ್ ಇದೆ. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ತಂದ ತಿದ್ದುಪಡಿಯಿಂದ ಡೇಟಾ ಇಲ್ಲದ, ಬರೀ ಕಾಲ್ ಮತ್ತು ಎಸ್ಸೆಮ್ಮೆಸ್ಸಿನ ಪ್ಯಾಕ್ ಕೊಡೋದು ಕಡ್ಡಾಯ. ಅಂಗಡಿಯಲ್ಲಿ ಕೇಳಿ ಪಡೀರಿ.

ಇಲ್ಲ, ಪೋರ್ಟೇ ಬೇಕು ಅಂದ್ರೆ ದಾರಿ ಸುಲಭ. ಪೋರ್ಟ್ ಅಂತ ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕೆ ಎಸ್ಸೆಮ್ಮೆಸ್ ಮಾಡಿ. ಬರುವ ಕೋಡಿಗೆ ಕರ್ನಾಟಕದಲ್ಲಿ ನಾಲ್ಕು ದಿನ ಆಯಸ್ಸು. ರಾಜ್ಯದೊಳಗೆ ಮೂರು ಕೆಲಸದ ದಿನ, ಕೇರಳ ಆಂಧ್ರದ ನಂಬರ್ ಇಲ್ಲಿಗೆ ತರೋದಾದ್ರೆ ಐದು. ಸಿಮ್ ಹೊಸದಾಗಿ ಶುರುವಾಗಿ ಅಥವಾ ಹಿಂದೆ ಪೋರ್ಟ್ ಆಗಿ 90 ದಿನ ಆಗಿರಬೇಕು. ಕಳೆದ ಸಿಮ್ ಬದಲು ಹೊಸದು ತಗೊಂಡು ಏಳು ದಿನ ಆಗದಿದ್ರೂ ಕೋಡ್ ಸಿಗಲ್ಲ, ಇದು 2024ರ ಜುಲೈ 1ರಿಂದ ಬಂದ ನಿಯಮ, ಸಿಮ್ ಸ್ವಾಪ್ ಮೋಸ ತಡೆಯೋಕೆ. ಹಳೇ ಪ್ರೀಪೇಯ್ಡ್ ಬ್ಯಾಲೆನ್ಸ್ ಜೊತೆಗೆ ಬರಲ್ಲ, ಹೋದದ್ದು ಹೋಯ್ತು. ಯುಪಿಐ ಆ್ಯಪ್‌ಗಳು ಹೊಸ ಸಿಮ್ಮಿನಲ್ಲಿ ಮತ್ತೆ ನೋಂದಣಿ ಕೇಳಬಹುದು, ಹಾಗಾಗಿ ಪರೀಕ್ಷಾ ಫೀ ಕಟ್ಟೋ ವಾರ ಬಿಟ್ಟು ಬೇರೆ ವಾರ ನೋಡಿ. ಮತ್ತೆ, ನಮ್ಮಲ್ಲಿ ಎಷ್ಟೋ ಜನರ ಸಿಮ್ ಇರೋದು ಅಪ್ಪನ ಹೆಸರಲ್ಲಿ. ಪೋರ್ಟ್ ಅದೇ ಹೆಸರಲ್ಲೇ ಆಗಬೇಕು. ಅಪ್ಪ ಶಿವಮೊಗ್ಗಕ್ಕೆ ಬರೋ ದಿನ ನೋಡಿಕೊಂಡೇ 1900ಕ್ಕೆ ಮೆಸೇಜ್ ಹಾಕಿ.